ಜರ್ಮನಿಯ ದ್ರಾಕ್ಷಿ ಬೆಟ್ಟಗಳಲ್ಲಿ ಸೈಕಲ್: ಉಡುಪಿಯ ಹೋಟೆಲಿನವನೊಬ್ಬನ ವಿಮರ್ಶೆ

ಹಾದಿಗೆ ಐದರಲ್ಲಿ ನಾಲ್ಕು. ಹಾದಿಯ ಸುತ್ತ ಮಾಡಿಟ್ಟ ಏರ್ಪಾಡಿಗೆ ಐದಕ್ಕೆ ಐದು. ಬಾಡಿಗೆ ಸೈಕಲಿಗೆ ಎರಡೂವರೆ, ಅದೂ ಕಷ್ಟದಲ್ಲಿ. ಜರ್ಮನಿಯ ಫೆಲ್ಟ್ಸರ್‌ವಾಲ್ಡ್ ಕಾಡಿನ ಮೌಂಟನ್ ಬೈಕ್ ಹಾದಿಗಳಿಗೆ ನಾನು ಕೊಡುವ ಮಾರ್ಕು ಇದು. ಅವಸರ ಇದ್ದವರು ಇಲ್ಲಿಗೇ ನಿಲ್ಲಿಸಬಹುದು. ಮಗನೋ ಮಗಳೋ ಮನ್‌ಹೈಮ್, ಹೈಡಲ್‌ಬರ್ಗ್ ಕಡೆ ಕೆಲಸದಲ್ಲಿದ್ದು, ಒಮ್ಮೆ ಹೋಗಿ ಬರುವ ಆಲೋಚನೆ ಇರುವ ಕರಾವಳಿಯ ಸೈಕಲ್ ಹುಚ್ಚರಿಗಾಗಿ ಉಳಿದದ್ದನ್ನು ಬರೆದಿದ್ದೇನೆ. ಅಂಥವರು ನಮ್ಮ ಊರಲ್ಲಿ ಕಮ್ಮಿ ಏನಿಲ್ಲ.

ನನ್ನದು ಉಡುಪಿಯಲ್ಲಿ ಒಂದು ಸಣ್ಣ ಸಸ್ಯಾಹಾರಿ ಹೋಟೆಲು. ಈಗ ಗಲ್ಲಾದಲ್ಲಿ ಮಗ ಕೂರುತ್ತಾನೆ. ನಾನು ಬೆಳಿಗ್ಗೆ ಸಾಂಬಾರಿನ ರುಚಿ ನೋಡಿ ಹೊರಗೆ ಬೀಳುತ್ತೇನೆ. ಭಾನುವಾರ ನಮ್ಮದೊಂದು ಗುಂಪು ಸೈಕಲ್ ಹೊಡೆಯುತ್ತದೆ. ಕಾಪು ದೀಪಸ್ತಂಭ, ಮಣಿಪಾಲದ ಎಂಡ್ ಪಾಯಿಂಟ್, ಮೈಯಲ್ಲಿ ಬಲ ಇದ್ದ ದಿನ ಹೆಬ್ರಿ ದಾಟಿ ಆಗುಂಬೆ. ಮಗಳ ಬಾಣಂತನಕ್ಕೆ ಅಂತ ಹೆಂಡತಿ ಮನ್‌ಹೈಮ್‌ಗೆ ಹೊರಟಾಗ ನಾನೂ ಹೊರಟೆ. ಷೆಂಗೆನ್ ವೀಸಾದಲ್ಲಿ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾದಲ್ಲಿ, 90 ದಿನ ಇರಬಹುದು. ಬಾಣಂತನದ ಮನೆಯಲ್ಲಿ ಗಂಡಸಿಗೆ ಇರುವ ಕೆಲಸ ಎಷ್ಟು ಅಂತ ನಿಮಗೆ ಗೊತ್ತು. ತರಕಾರಿ ತಂದುಕೊಟ್ಟ ಮೇಲೆ ನಾನು ಎಲ್ಲಿ ನಿಂತರೂ ಅಡ್ಡವೇ. "ಅಪ್ಪ, ನೀವು ಎಲ್ಲಿಗಾದರೂ ಒಂದು ಸುತ್ತು ಹೋಗಿ ಬನ್ನಿ" ಅಂದಳು ಮಗಳು. "ಎಲ್ಲಿಗೆ ಬೇಕಾದರೂ ಹೋಗಲಿ, ನನ್ನ ಒಗ್ಗರಣೆಯ ವಿಷಯಕ್ಕೆ ಬರದಿದ್ದರೆ ಸಾಕು" ಅಂದಳು ಹೆಂಡತಿ. ಅಳಿಯ ಮ್ಯಾಪ್ ತೆರೆದು ಹಾದಿ ತೋರಿಸಿದ.

ಜಾಗ ಹೀಗಿದೆ. ರೈನ್ ನದಿಯ ಬಯಲಿನಲ್ಲಿ ಪಶ್ಚಿಮಕ್ಕೆ ಹೋಗುತ್ತಾ ಇದ್ದರೆ ಬಯಲು ಥಟ್ಟನೆ ಮುಗಿದು ಬೆಟ್ಟದ ಸಾಲು ಏಳುತ್ತದೆ. ಬುಡದ ತನಕ ದ್ರಾಕ್ಷಿ, ಬುಡದಿಂದ ಮೇಲೆ ಕಾಡು. ಮೋಡ ಪಶ್ಚಿಮದಿಂದ ಬರುತ್ತದೆ, ಬೆಟ್ಟದ ಮೇಲೆಯೇ ಹೆಚ್ಚಿನ ಮಳೆ ಸುರಿಸಿಬಿಡುತ್ತದೆ. ಈಚೆ ಬದಿಗೆ ಬಿಸಿಲು ಜಾಸ್ತಿ, ಮಳೆ ಕಮ್ಮಿ. ಅದಕ್ಕೇ ಅಲ್ಲಿ ದ್ರಾಕ್ಷಿ ಚೆನ್ನಾಗಿ ಬರುತ್ತದೆ, ಬಾದಾಮಿ ಮತ್ತು ಅಂಜೂರವೂ ಬರುತ್ತದೆ. ನಮ್ಮ ಘಟ್ಟದ್ದೂ ಇದೇ ಕತೆ ಅಲ್ವಾ? ನಾವು ನೆನೆಯುವ ಬದಿಯಲ್ಲಿ ಹುಟ್ಟಿದ್ದೇವೆ, ಅಷ್ಟೇ. ಫಾಲ್ಟ್ಸ್ ಅನ್ನುವ ಈ ಸೀಮೆಯಲ್ಲಿ ಸುಮಾರು 23,000 ಹೆಕ್ಟೇರ್ ದ್ರಾಕ್ಷಿ ಇದೆ. ಜರ್ಮನಿಯಲ್ಲಿ ಇದಕ್ಕಿಂತ ದೊಡ್ಡ ದ್ರಾಕ್ಷಿ ಸೀಮೆ ಒಂದೇ ಒಂದು. 1935ರಲ್ಲಿ ಶುರುವಾದ ಜರ್ಮನ್ ವೈನ್ ರಸ್ತೆ ಈ ಬೆಟ್ಟದ ಬುಡವನ್ನೇ ಹಿಡಿದು 85 ಕಿ.ಮೀ. ಹೋಗುತ್ತದೆ. ಕಾಡಿನ ಭಾಗ 1,700 ಚದರ ಕಿ.ಮೀ.ಗೂ ಜಾಸ್ತಿ. 1992ರಲ್ಲಿ ಯುನೆಸ್ಕೊ ಇದನ್ನು ಜೀವಗೋಳ ಮೀಸಲು ಪ್ರದೇಶದ ಪಟ್ಟಿಗೆ ಸೇರಿಸಿತು. 1998ರಲ್ಲಿ ಗಡಿಯಾಚೆಯ ಫ್ರಾನ್ಸಿನ ಕಾಡನ್ನೂ ಜೋಡಿಸಿದರು.

ಅತಿ ಎತ್ತರದ ಬೆಟ್ಟ ಕಾಲ್ಮಿಟ್, 673 ಮೀಟರ್. ಹೆಚ್ಚುಕಮ್ಮಿ ನಮ್ಮ ಆಗುಂಬೆ ಊರಿನ ಎತ್ತರ. ಗುಂಪಿನಲ್ಲಿ ಇದನ್ನು ಹೇಳಿದಾಗ "ಇಷ್ಟೇನಾ ಮಾರಾಯ್ರೆ" ಅಂತ ನಕ್ಕರು. ನಗುವುದು ಬೇಡ. ಆಗುಂಬೆಯಲ್ಲಿ 14 ತಿರುವು ಹತ್ತಿದರೆ ಮುಗಿಯಿತು, ಮೇಲೆ ಹೋಗಿ ಕಾಫಿ ಕುಡಿಯಬಹುದು. ಇಲ್ಲಿ 300 ಮೀಟರ್ ಹತ್ತಿಸುತ್ತಾರೆ, ಇಳಿಸುತ್ತಾರೆ, ಕಣಿವೆಯ ತೋಡು ದಾಟಿಸಿ ಇನ್ನೊಂದು 300 ಮೀಟರ್ ಹತ್ತಿಸುತ್ತಾರೆ. ಆಲ್ಪ್ಸ್‌ನ ಸೈಕಲ್ ಪಾರ್ಕುಗಳಲ್ಲಿ ಇರುವ ಹಾಗೆ ಮೇಲಕ್ಕೆ ಎಳೆದುಕೊಂಡು ಹೋಗುವ ಲಿಫ್ಟ್ ಇಲ್ಲಿಲ್ಲ. ಇಳಿದಷ್ಟನ್ನೂ ನೀವೇ ತುಳಿದು ಸಂಪಾದಿಸಬೇಕು. ಬೆಳಿಗ್ಗೆ ಸಣ್ಣದು ಅನ್ನಿಸಿದ ಬೆಟ್ಟ ಮಧ್ಯಾಹ್ನಕ್ಕೆ ತೊಡೆಯಲ್ಲಿ ಲೆಕ್ಕ ಕೇಳುತ್ತದೆ.

ತಲುಪುವುದು ಮಾತ್ರ ತುಂಬ ಸುಲಭ. ಮನ್‌ಹೈಮ್‌ನಲ್ಲಿ ಲೋಕಲ್ ರೈಲು ಹತ್ತಿದರೆ ಅರ್ಧ ಗಂಟೆ ಚಿಲ್ಲರೆಯಲ್ಲಿ ಬೆಟ್ಟದ ಬುಡದ ಊರು ನಾಯ್‌ಸ್ಟಾಟ್. ಅದೇ ರೈಲಿನಲ್ಲಿ ಮುಂದೆ ಹೋದರೆ ಲಾಂಬ್ರೆಖ್ಟ್, ಇನ್ನೂ ಮುಂದೆ ಹೋಖ್‌ಸ್ಪೇಯರ್. ಸ್ಟೇಷನ್ನಿನಿಂದ ಹೊರಗೆ ಬಂದು ಹತ್ತು ನಿಮಿಷ ತುಳಿದರೆ ಕಾಡಿನ ಒಳಗಿರುತ್ತೀರಿ. ವಾರದ ದಿನ ಬೆಳಿಗ್ಗೆ ಒಂಬತ್ತರ ಮೇಲೆ ಸೈಕಲಿಗೆ ಬೇರೆ ಟಿಕೆಟ್ ಬೇಡ. ಶನಿವಾರ, ಭಾನುವಾರ ಇಡೀ ದಿನ ಬೇಡ. ಬೋಗಿಯಲ್ಲಿ ಸೈಕಲ್ ನಿಲ್ಲಿಸಲು ಜಾಗ ಬಿಟ್ಟಿದ್ದಾರೆ, ಬಾಗಿಲಿನ ಹೊರಗೆ ಸೈಕಲ್ ಚಿತ್ರ ಅಂಟಿಸಿದ್ದಾರೆ. ನಮ್ಮ ಊರಲ್ಲಿ ಘಟ್ಟದ ಮೇಲಿನ ಒಂದು ಸವಾರಿಗೆ ಸೈಕಲ್ ಸಾಗಿಸಬೇಕಾದರೆ ಪಿಕಪ್ ಹುಡುಕಿ, ಬಾಡಿಗೆ ಚೌಕಾಸಿ ಮಾಡಿ, ಹಗ್ಗ ಬಿಗಿದು, ಪೇಂಟ್ ಕೆರೆದುಕೊಂಡು ಹೋಗುವವರು ನಾವು. ಆ ಬೋಗಿ ನೋಡಿ ನನಗೆ ಹೊಟ್ಟೆ ಉರಿಯಿತು. ಭಾನುವಾರ ಸಂಜೆಯ ವಾಪಸ್ ರೈಲು ಮಾತ್ರ ಬೇಡ. ಕಾಡು ಸುತ್ತಿ, ವೈನ್ ಕುಡಿದು ಬಂದವರಿಂದ ತುಂಬಿ ತುಳುಕುತ್ತದೆ. ಹಾಡು ಬೇರೆ.

ಇನ್ನು ಹಾದಿ. ಕಾಡಿನ ಒಳಗೆ ಮೌಂಟನ್ ಬೈಕಿಗೆ ಅಂತಲೇ ಗುರುತು ಹಾಕಿದ ಸುಮಾರು 20 ಸುತ್ತುಗಳಿವೆ. ಎಲ್ಲ ಕೂಡಿಸಿದರೆ 900 ಕಿ.ಮೀ. ಆಸುಪಾಸು. ಲಾಂಬ್ರೆಖ್ಟ್, ಹೋಖ್‌ಸ್ಪೇಯರ್, ರೋಡಾಲ್ಬೆನ್ ಹೀಗೆ ಬೇರೆ ಬೇರೆ ಊರಿಂದ ಶುರುವಾಗುತ್ತವೆ, ಒಂದಕ್ಕೊಂದು ಕೂಡುತ್ತವೆ. ಸುಲಭ, ಮಧ್ಯಮ, ಕಷ್ಟ ಅಂತ ದರ್ಜೆ ಹಾಕಿದ್ದಾರೆ. ಜಿಪಿಎಸ್ ಫೈಲು ಪುಕ್ಕಟೆ ಸಿಗುತ್ತದೆ. ಆದರೆ ನಿಜ ಹೇಳಬೇಕೆಂದರೆ ಜಿಪಿಎಸ್ ಬೇಕಾಗುವುದೇ ಇಲ್ಲ. ಅದಕ್ಕೆ ಕಾರಣ ಅಲ್ಲಿನ ಫಲಕಗಳು.

ಫಲಕ ಅಂದರೆ ದೊಡ್ಡದೇನಲ್ಲ, ಅಂಗೈ ಅಗಲದ್ದು. ಮೇಲೆ ಸೈಕಲ್ ಸವಾರನ ಚಿತ್ರ, ಸುತ್ತಿನ ನಂಬರು, ಒಂದು ಬಾಣ. ಅದನ್ನು ಹೊಡೆದ ಜಾಗ ನೋಡಬೇಕು. ಕವಲು ಬರುವ ಸ್ವಲ್ಪ ಮೊದಲೇ ಒಂದು ಇರುತ್ತದೆ, ಸೈಕಲಿನ ಮೇಲೆ ಕೂತವನ ಕಣ್ಣಿನ ಮಟ್ಟಕ್ಕೆ. ಬ್ರೇಕ್ ಹಿಡಿಯಲು ಹೊತ್ತು ಸಿಗುತ್ತದೆ. ಕವಲು ದಾಟಿ ಸ್ವಲ್ಪ ದೂರ ಹೋದ ಮೇಲೆ ಇನ್ನೊಂದು. "ಹೌದು, ಸರಿಯಾಗಿಯೇ ಬಂದಿದ್ದೀರಿ" ಅಂತ ಧೈರ್ಯ ಹೇಳುವುದಕ್ಕೆ. ಇದನ್ನು ಹೊಡೆದವನು ಆ ಹಾದಿಯಲ್ಲಿ ಸೈಕಲ್ ಹೊಡೆದೇ ಹೊಡೆದಿದ್ದಾನೆ, ಕಚೇರಿಯಲ್ಲಿ ಕೂತು ಬರೆದದ್ದಲ್ಲ. ನಮ್ಮ ರಸ್ತೆಗಳಲ್ಲಿ ತಿರುವು ದಾಟಿದ ಮೇಲೆ ಫಲಕ ಬರುತ್ತದೆ, ಅದರ ಮೇಲೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಇರುತ್ತದೆ.

ಇನ್ನೊಂದು ಬಗೆಯ ಫಲಕ ಇದೆ. ಹಸಿರು ಬಣ್ಣ, ಬಿಳಿ ಗುರುತು, ಒಂದು ನಂಬರು. ಕಾಡಿನ ಮಧ್ಯೆ ಬಿದ್ದು ಕಾಲು ಮುರಿದುಕೊಂಡರೆ 112ಕ್ಕೆ ಫೋನ್ ಮಾಡಿ ಆ ನಂಬರು ಹೇಳಿದರೆ ಆಯಿತು, ಆಂಬುಲೆನ್ಸ್ ಎಲ್ಲಿಗೆ ಬರಬೇಕು ಅಂತ ಅವರಿಗೆ ಗೊತ್ತಾಗುತ್ತದೆ. ಒಂದು ಫಲಕ ಕಂಡಾಗಲೆಲ್ಲ ಫೋಟೊ ಹೊಡೆದಿಟ್ಟುಕೊಳ್ಳಿ. ಕಣಿವೆಗಳಲ್ಲಿ ಸಿಗ್ನಲ್ ಎಲ್ಲ ಕಡೆ ಇಲ್ಲ ಅನ್ನುವುದೂ ನೆನಪಿರಲಿ.

ಹಾಗಾದರೆ ಹಾದಿಗೆ ಒಂದು ಮಾರ್ಕು ಯಾಕೆ ಕಡಿದೆ? ಗುರುತು ಹಾಕಿದ ಸುತ್ತುಗಳಲ್ಲಿ ಜಲ್ಲಿ ಹಾಕಿದ ಅಗಲ ಕಾಡುರಸ್ತೆಯೇ ಜಾಸ್ತಿ. ಮರ ಸಾಗಿಸುವ ಲಾರಿಗೆ ಮಾಡಿದ್ದು. ಹತ್ತುವಾಗ ಅದು ಒಳ್ಳೆಯದೇ, ಉಸಿರು ಹಿಡಿದು ಮಾತಾಡುತ್ತಾ ಹೋಗಬಹುದು. ಇಳಿಯುವಾಗಲೂ ಅದೇ ರಸ್ತೆ ಕೊಟ್ಟರೆ ಬೇಜಾರು. ಬೆವರು ಸುರಿಸಿ ಮೇಲೆ ಬಂದವನಿಗೆ ಕಿರಿದಾದ, ಬೇರು ಕಲ್ಲು ಇರುವ ಕಾಲುದಾರಿ ಬೇಕು. ಅದು ಇದೆ, ಚೆನ್ನಾಗಿಯೂ ಇದೆ. ಆದರೆ ಇಡೀ ಸುತ್ತಿನಲ್ಲಿ ಅದರ ಪಾಲು ಸಣ್ಣದು. ಹೊಸಬರಿಗೆ, ಜೊತೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದೇ ವರ. ಸ್ವಲ್ಪ ಪಳಗಿದವರು ಒಳಗಿನ ಸುತ್ತು ಬಿಟ್ಟು, ದ್ರಾಕ್ಷಿ ಬದಿಯ ಬೆಟ್ಟದಂಚಿಗೆ ಬರಬೇಕು.

ಅಲ್ಲಿಯ ಒಂದು ಸವಾರಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಾಯ್‌ಸ್ಟಾಟ್‌ನಿಂದ ಕಾಡುರಸ್ತೆ ಹಿಡಿದು ಕಾಲ್ಮಿಟ್ ಹತ್ತುವುದು. ಮೇಲಿಂದ ರೈನ್ ಬಯಲು ಪೂರ್ತಿ ಕಾಣುತ್ತದೆ. ದೂರದಲ್ಲಿ ಲುಡ್ವಿಗ್ಸ್‌ಹಾಫೆನ್‌ನ ಬಿಎಎಸ್‌ಎಫ್ ಅನ್ನುವ ರಾಸಾಯನಿಕ ಕಂಪನಿಯ ಚಿಮಣಿಗಳು. ಮಂಗಳೂರಿನವರಿಗೆ ಆ ಹೆಸರು ಹೊಸದಲ್ಲ, ಬಜಪೆ ರಸ್ತೆಯ ಬಾಳದಲ್ಲಿ ಅದರದ್ದೇ ಕಾರ್ಖಾನೆ ಇದೆ. ಅಲ್ಲಿಂದ ಬೆಟ್ಟದ ನೆತ್ತಿ ಹಿಡಿದು ಉತ್ತರಕ್ಕೆ, ಹೋಹೆ ಲೋಗ್ ಅನ್ನುವ ಇನ್ನೊಂದು ತಲೆಗೆ. ಅದು 600 ಮೀಟರಿಗೆ ಸ್ವಲ್ಪ ಮೇಲೆ. ಆಮೇಲೆ ಹಾಂಬಾಖ್ ಕೋಟೆಯ ಕಡೆಗೆ ಇಳಿತ.

ಇಳಿತದ ಮೊದಲ ಭಾಗದಲ್ಲಿ ಪೈನ್ ಮರ. ಬೇರುಗಳು ಹಾದಿಗೆ ಅಡ್ಡಡ್ಡ ಬಂದಿರುತ್ತವೆ, ಅವುಗಳ ಮಧ್ಯೆ ಮರಳು ಕೂತಿರುತ್ತದೆ. ಇಡೀ ಬೆಟ್ಟವೇ ಕೆಂಪು ಮರಳುಗಲ್ಲಿನದ್ದು. ಬಣ್ಣ ನೋಡಿದರೆ ನಮ್ಮ ಮುರಕಲ್ಲಿನ ನೆನಪು ಬರುತ್ತದೆ. ಗುಣ ಮಾತ್ರ ಬೇರೆಯೇ. ನಮ್ಮ ಮುರಕಲ್ಲು ಒಣಗಿದಾಗ ಮೇಲಿನ ಗುಂಡು ಜಲ್ಲಿ ಚಕ್ರದ ಅಡಿ ಉರುಳುತ್ತದೆ, ಮಳೆಗೆ ಪಾಚಿ ಹಿಡಿದು ಜಾರುತ್ತದೆ. ಮರಳುಗಲ್ಲು ಒರಟಾಗಿದ್ದು ಟೈರನ್ನು ಹಿಡಿದುಕೊಳ್ಳುತ್ತದೆ. ರಾತ್ರಿ ಮಳೆ ಬಂದರೂ ನೀರು ಕೆಳಗೆ ಇಳಿದುಬಿಡುತ್ತದೆ, ಮಧ್ಯಾಹ್ನಕ್ಕೆ ಹಾದಿ ಸವಾರಿಗೆ ತಯಾರು. ವರ್ಷಕ್ಕೆ 4000 ಮಿ.ಮೀ. ಮಳೆ ಕುಡಿದು ಜೂನ್‌ನಿಂದ ಸೆಪ್ಟೆಂಬರ್ ತನಕ ಸೈಕಲಿಗೆ ಎಣ್ಣೆ ಹಚ್ಚಿ ಮೂಲೆಗಿಡುವ ನಮಗೆ ಇದೊಂದು ಆಶ್ಚರ್ಯ.

ಪೈನ್ ಮುಗಿದು ಕೆಳಗೆ ಬಂದಂತೆ ಚೆಸ್ಟ್‌ನಟ್ ಮರಗಳು ಶುರುವಾಗುತ್ತವೆ. ಅಲ್ಲಿ ಚೂಪು ತಿರುವುಗಳು ಬರುತ್ತವೆ. ಹಿಂದಿನ ಚಕ್ರ ಜಾರಿಸದೆ, ಕಾಲು ಕೆಳಗೆ ಇಡದೆ ತಿರುಗಿಸಬೇಕು. ಅಲ್ಲಿನ ಸವಾರರು ಇಂಥ ಹಾದಿಯನ್ನು ಎಸ್0 ದಿಂದ ಎಸ್5 ತನಕ ಅಳೆಯುತ್ತಾರೆ. ಎಸ್0 ಅಂದರೆ ಅಡ್ಡಿ ಇಲ್ಲದ ನಯವಾದ ಹಾದಿ, ಎಸ್5 ಅಂದರೆ ನನ್ನಂಥವನು ನೋಡಿ ಕೈಮುಗಿದು ನಡೆದು ಇಳಿಯುವುದು. ಇಲ್ಲಿಯದ್ದು ಹೆಚ್ಚಿನ ಕಡೆ ಎಸ್1, ತಿರುವುಗಳಲ್ಲಿ ಎಸ್2. ಐವತ್ತು ದಾಟಿದವನ ಮೊಣಕಾಲಿಗೆ ಇಷ್ಟು ಧಾರಾಳ. ಅಕ್ಟೋಬರಿನಲ್ಲಿ ಚೆಸ್ಟ್‌ನಟ್ ಕಾಯಿ ಉದುರಿರುತ್ತದೆ, ಅದರ ಸಿಪ್ಪೆಯ ತುಂಬ ಮುಳ್ಳು. ಟೈರಿಗೆ ಏನೂ ಆಗುವುದಿಲ್ಲ, ಬಿದ್ದರೆ ಅಂಗೈಗೆ ಆಗುತ್ತದೆ. ಗ್ಲೋವ್ಸ್ ಹಾಕದೆ ಹೋಗಬೇಡಿ.

ಕೆಳಗೆ ಹಾಂಬಾಖ್ ಕೋಟೆ. 1832ರ ಮೇ ತಿಂಗಳಲ್ಲಿ ಸಾವಿರಾರು ಜನ ಈ ಬೆಟ್ಟ ಹತ್ತಿ, ಸ್ವಾತಂತ್ರ್ಯ ಬೇಕು, ಒಂದಾದ ಜರ್ಮನಿ ಬೇಕು ಅಂತ ಸೇರಿದ್ದರು. ಇವತ್ತಿನ ಜರ್ಮನಿಯ ಕಪ್ಪು, ಕೆಂಪು, ಚಿನ್ನದ ಬಣ್ಣದ ಬಾವುಟ ಆಗ ಇಲ್ಲಿ ಹಾರಿತ್ತು. ಆಗ ಅವರೆಲ್ಲ ನಡೆದೇ ಹತ್ತಿದವರು. ಕೋಟೆ ದಾಟಿದ ಮೇಲೆ ದ್ರಾಕ್ಷಿ ಸಾಲಿನ ನಡುವಿನ ಸಿಮೆಂಟ್ ದಾರಿ, ಮತ್ತೆ ಸ್ಟೇಷನ್. ಸೆಪ್ಟೆಂಬರಿನಲ್ಲಿ ಕೊಯ್ಲು ನಡೆಯುವಾಗ ಆ ದಾರಿಯಲ್ಲಿ ಟ್ರ್ಯಾಕ್ಟರಿಗೇ ಮೊದಲ ಹಕ್ಕು. ಬದಿಗೆ ನಿಂತು ಬಿಡಿ. ಹಣ್ಣಿಗೆ ಕೈ ಹಾಕಬೇಡಿ, ಅದು ಇನ್ನೊಬ್ಬರ ತೋಟ.

ಈ ಅಂಚಿನ ಕಾಲುದಾರಿಗಳಿಗೆ ಮೌಂಟನ್ ಬೈಕಿನ ಫಲಕ ಇಲ್ಲ, ನಡೆಯುವವರ ಗುರುತು ಮಾತ್ರ. ಅಂದರೆ ನಾವು ಅಲ್ಲಿ ಅತಿಥಿಗಳು. ಶನಿವಾರ ಭಾನುವಾರ ಅಜ್ಜ ಅಜ್ಜಿಯರು ಕೋಲು ಹಿಡಿದು ಸಾಲಾಗಿ ಬರುತ್ತಾರೆ. ದೂರದಿಂದಲೇ ಗಂಟೆ ಹೊಡೆಯಿರಿ, ನಿಧಾನ ಮಾಡಿ, ನಿಂತು ಹಲೋ ಹೇಳಿ. ಹೇಳಿದರೆ ಅವರೂ ನಗುತ್ತಾರೆ. ಹೇಳದೆ ಜುಯ್ಯೆಂದು ಹೋದವರ ಬಗ್ಗೆ ಏನೋ ಗೊಣಗಿದ್ದು ಕೇಳಿದ್ದೇನೆ, ಭಾಷೆ ಬಾರದಿದ್ದರೂ ಅರ್ಥವಾಯಿತು. ವಾರದ ದಿನ ಹೋದರೆ ಈ ಸಮಸ್ಯೆಯೇ ಇಲ್ಲ. ಹೈಡಲ್‌ಬರ್ಗ್ ಕಡೆ ಉಳಿಯುವವರಿಗೆ ಒಂದು ಮಾತು: ನದಿಯ ಆ ಬದಿ ಬೇರೆ ರಾಜ್ಯ, ಬಾಡೆನ್-ವುರ್ಟೆಂಬರ್ಗ್. ಅಲ್ಲಿ ಕಾಡಿನಲ್ಲಿ ಎರಡು ಮೀಟರಿಗಿಂತ ಕಿರಿದಾದ ದಾರಿಯಲ್ಲಿ ಸೈಕಲ್ ಹೊಡೆಯುವಂತಿಲ್ಲ. ಫಾಲ್ಟ್ಸ್ ಇರುವ ರಾಜ್ಯದಲ್ಲಿ ಇಂಥ ಅಗಲದ ಲೆಕ್ಕ ಇಲ್ಲ. ರೈಲು ಹತ್ತಿ ಈಚೆ ಬರುವುದೇ ಲೇಸು.

ಬಾಡಿಗೆ ಸೈಕಲಿನ ವಿಷಯಕ್ಕೆ ಬರುತ್ತೇನೆ. ಅಂಗಡಿಯ ಹೆಸರು ಬೇಡ. ಸಾದಾ ಹಾರ್ಡ್‌ಟೇಲ್‌ಗೆ, ಅಂದರೆ ಮುಂದಿನ ಚಕ್ರಕ್ಕೆ ಮಾತ್ರ ಶಾಕ್ ಇರುವ ಸೈಕಲಿಗೆ, ದಿನಕ್ಕೆ 30 ಯೂರೋ ಆಸುಪಾಸು ಹೇಳಿದರು, ಬ್ಯಾಟರಿಯದ್ದಕ್ಕೆ ಹತ್ತಿರ ಹತ್ತಿರ ಎರಡು ಪಟ್ಟು. ಮೇಲೆ ಪಾಸ್‌ಪೋರ್ಟಿನ ಪ್ರತಿ, ಮುಂಗಡ. ಹೊರಗಿಂದ ಸೈಕಲ್ ಫಳಫಳ ಹೊಳೆಯುತ್ತಿತ್ತು. ಚೈನಿಗೆ ಎಣ್ಣೆ ಇಲ್ಲ, ಹಿಂದಿನ ಬ್ರೇಕ್ ಪ್ಯಾಡು ಸವೆದು ಕಬ್ಬಿಣ ಕೆರೆಯುವ ಹಂತಕ್ಕೆ ಬಂದಿತ್ತು. ತೋರಿಸಿದರೆ "ಇವತ್ತಿಗೆ ಸಾಕು" ಅಂದ. ಗಿರಾಕಿ ಇಡ್ಲಿ ಹಳಸಿದೆ ಅಂದಾಗ ಇವತ್ತಿಗೆ ತಿನ್ನಿ ಅಂತ ಹೇಳಿದರೆ ನನ್ನ ಹೋಟೆಲ್ ಉಳಿಯುತ್ತದೆಯೇ? ಅಲ್ಲೇ ನಿಂತು ಪ್ಯಾಡ್ ಬದಲಾಯಿಸಿಕೊಂಡೇ ಹೊರಟೆ. ನೀವೂ ಹಾಗೆ ಮಾಡಿ. ಟೈರ್ ಒತ್ತಿ ನೋಡಿ, ಪ್ಯಾಡ್ ನೋಡಿ, ಸೀಟ್ ಎತ್ತರ ಅಲ್ಲೇ ಸರಿ ಮಾಡಿಸಿ. ಮುಲಾಜು ಬೇಡ.

ಬ್ರೇಕಿನಲ್ಲಿ ಇನ್ನೊಂದು ಅಪಾಯ ಇದೆ. ಇದನ್ನು ಯಾರೂ ಹೇಳುವುದಿಲ್ಲ. ನಮ್ಮ ಸೈಕಲುಗಳಲ್ಲಿ ಬಲಗೈ ಹಿಡಿದರೆ ಮುಂದಿನ ಚಕ್ರ ನಿಲ್ಲುತ್ತದೆ, ಎಡಗೈಗೆ ಹಿಂದಿನದು. ಅಲ್ಲಿ ತಿರುಗಾಮುರುಗಾ. ಎಡಗೈಗೆ ಮುಂದಿನ ಬ್ರೇಕು, ಅದೂ ಸ್ವಲ್ಪ ಒತ್ತಿದರೂ ಜೋರಾಗಿ ಹಿಡಿಯುವ ಹೈಡ್ರಾಲಿಕ್ ಡಿಸ್ಕ್. ಇಳಿತದಲ್ಲಿ ಗಾಬರಿಯಾಗಿ ನಮ್ಮ ಅಭ್ಯಾಸದಲ್ಲಿ ಎಡಗೈ ಜೋರಾಗಿ ಒತ್ತಿದರೆ ಸೈಕಲ್ ನಿಲ್ಲುತ್ತದೆ, ನೀವು ಮುಂದಕ್ಕೆ ಹೋಗುತ್ತೀರಿ. ಕಾಡಿಗೆ ಹೋಗುವ ಮೊದಲು ಸ್ಟೇಷನ್ ಹತ್ತಿರದ ಖಾಲಿ ಜಾಗದಲ್ಲಿ ಕೈ ಪಳಗಿಸಿ. ಒಂದೊಂದೇ ಕೈ ಒತ್ತಿ, ನಿಲ್ಲಿಸಿ, ಮತ್ತೆ ಹೊರಡಿ. ಬೆರಳಿಗೆ ನೆನಪು ಕೂರುವ ತನಕ.

ಬ್ಯಾಟರಿ ಸೈಕಲ್ ಬೇಕೋ ಬೇಡವೋ ಅಂತ ಕೇಳುತ್ತಾರೆ. ಆಗುಂಬೆ ನಿಲ್ಲದೆ ಹತ್ತುವವರಿಗೆ ಬೇಡ. ಹೆಂಡತಿಯನ್ನೋ ಸೈಕಲ್ ಬಿಟ್ಟು ಬಹಳ ಕಾಲವಾದ ಗೆಳೆಯನನ್ನೋ ಜೊತೆಗೆ ಕರೆದುಕೊಂಡು ಹೋಗುವುದಾದರೆ ಅವರಿಗೆ ಕೊಡಿಸಿ. ಹತ್ತುವಾಗ ಅವರು ಮುಂದೆ ಹೋಗಿ ಕಾಯುತ್ತಾರೆ, ನಿಮ್ಮ ಹೆಮ್ಮೆ ಸ್ವಲ್ಪ ಇಳಿಯುತ್ತದೆ, ಅಷ್ಟೇ ನಷ್ಟ.

ಈಗ ನನಗೆ ನಿಜವಾಗಿ ಬರೆಯಬೇಕಾಗಿರುವ ಭಾಗ: ಕಾಡಿನ ಒಳಗಿನ ಹೋಟೆಲುಗಳು. ಹೋಟೆಲು ಅನ್ನಬಾರದು, ಅವು ಗುಡಿಸಿಲಿನ ದೊಡ್ಡಣ್ಣ. ಇಲ್ಲಿ 1902ರಲ್ಲಿ ಹುಟ್ಟಿದ ಒಂದು ಸಂಘ ಇದೆ, ಕಾಡಿನಲ್ಲಿ ನಡೆಯುವವರದ್ದು, ಹೆಸರು ಫೆಲ್ಟ್ಸರ್‌ವಾಲ್ಡ್ ಫೆರೈನ್. ಕಾಡಿನಲ್ಲಿ ಗುರುತು ಹಾಕಿದ್ದು, ಬೆಂಚು ಇಟ್ಟದ್ದು, ಬೆಟ್ಟದ ಮೇಲೆ ಈ ಮನೆಗಳನ್ನು ಕಟ್ಟಿ ನಡೆಸುತ್ತಿರುವುದು ಹೆಚ್ಚಾಗಿ ಅವರೇ. ಎಷ್ಟೋ ಕಡೆ ಅಡುಗೆಮನೆಯಲ್ಲಿ ಇರುವವರು ಸಂಬಳದವರಲ್ಲ, ಸರದಿಯ ಮೇಲೆ ಬಂದು ದುಡಿಯುವ ಸದಸ್ಯರು. ಈ ಕಾಡುಮನೆಗಳ ಪದ್ಧತಿಯನ್ನು 2021ರಲ್ಲಿ ಜರ್ಮನಿಯ ಪಾರಂಪರಿಕ ಸಂಸ್ಕೃತಿಯ ಪಟ್ಟಿಗೇ ಸೇರಿಸಿದ್ದಾರೆ. ಲಾಂಬ್ರೆಖ್ಟ್ ಮೇಲಿನ ಲಾಂಬರ್ಟ್ಸ್‌ಕ್ರಾಯ್ಟ್ಸ್, ನಾಯ್‌ಸ್ಟಾಟ್ ಮೇಲಿನ 554 ಮೀಟರಿನ ವೈನ್‌ಬೀಟ್ ತಲೆಯ ಮನೆ, ಮೊದಲು ಹೇಳಿದ ಹೋಹೆ ಲೋಗ್, ಇವೆಲ್ಲ ಸೈಕಲಿನವರಿಗೆ ಹೇಳಿ ಮಾಡಿಸಿದ ಜಾಗದಲ್ಲಿವೆ. ಹತ್ತಿ ಸುಸ್ತಾದ ಕಡೆ ಸರಿಯಾಗಿ ಒಂದು ಸಿಗುತ್ತದೆ.

ಕೆಲಸ ನಡೆಯುವ ರೀತಿ ನೋಡಿ ನಾನು ಊಟ ಮರೆತು ನಿಂತಿದ್ದೆ. ಒಂದು ಕಿಟಕಿಯಲ್ಲಿ ಕುಡಿಯುವುದು, ಇನ್ನೊಂದು ಕಿಟಕಿಯಲ್ಲಿ ತಿನ್ನುವುದು. ಮೆನು ಒಂದೇ ಹಲಗೆಯಲ್ಲಿ ಮುಗಿಯುತ್ತದೆ. ಎಂಟು ಹತ್ತು ಬಗೆ, ಅಷ್ಟೇ. ಎಲ್ಲ ಮೊದಲೇ ಬೆಂದು ತಯಾರಿರುವುದು. ದೊಡ್ಡ ಸಾಲು ಇದ್ದರೂ ಸರಸರ ಕರಗುತ್ತದೆ. ತಟ್ಟೆ ನೀವೇ ತೆಗೆದುಕೊಂಡು ಹೋಗಿ ಉದ್ದ ಬೆಂಚಿನಲ್ಲಿ ಜಾಗ ಇದ್ದಲ್ಲಿ ಕೂರಬೇಕು. ಪಕ್ಕದಲ್ಲಿ ಯಾರಿದ್ದರೂ ಸರಿ. ತಿಂದ ಮೇಲೆ ತಟ್ಟೆಯನ್ನು ವಾಪಸ್ ಕಿಟಕಿಗೆ ಇಡಬೇಕು. ಯಾರೂ ಹೇಳುವುದಿಲ್ಲ, ಎಲ್ಲರೂ ಇಡುತ್ತಾರೆ. ಕ್ಲೀನರ್ ಹುಡುಗರು ಸಿಗದೆ ತಲೆಕೆಡಿಸಿಕೊಂಡಿರುವ ನನ್ನ ಮಗನಿಗೆ ವಿಡಿಯೊ ಮಾಡಿ ಕಳಿಸಿದೆ. "ಇಲ್ಲಿ ಮಾಡಿದರೆ ಗಿರಾಕಿ ಎದುರಿನ ಹೋಟೆಲಿಗೆ ಹೋಗುತ್ತಾರೆ ಅಪ್ಪ" ಅಂತ ಉತ್ತರ ಬಂತು. ಅದೂ ನಿಜ.

ಕುಡಿಯುವ ಗ್ಲಾಸಿನ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಅರ್ಧ ಲೀಟರಿನದ್ದು. ಬಾಯಿ ಅಗಲ, ಬುಡ ಸ್ವಲ್ಪ ಕಿರಿದು. ಮೈಮೇಲೆಲ್ಲ ಹೆಬ್ಬೆರಳು ಕೂರುವಷ್ಟು ಗುಂಡು ಗುಳಿಗಳು. ಕೈ ಒದ್ದೆಯಿದ್ದರೂ ಜಾರುವುದಿಲ್ಲ. ಆ ಸೀಮೆಯವರು ಅದರಲ್ಲಿ ರೀಸ್ಲಿಂಗ್ ವೈನಿಗೆ ಸೋಡಾ ಬೆರೆಸಿ ಶೋರ್ಲೆ ಅಂತ ಕುಡಿಯುತ್ತಾರೆ. ಸೋಡಾ ಹೆಸರಿಗೆ ಮಾತ್ರ, ಮುಕ್ಕಾಲು ಪಾಲು ವೈನೇ. ನಾನು ಕುಡಿಯುವವನಲ್ಲ. ದ್ರಾಕ್ಷಿ ರಸಕ್ಕೆ ಸೋಡಾ ಹಾಕಿದ್ದು ಕೇಳಿ, ಅದೇ ಗ್ಲಾಸಿನಲ್ಲಿ ಕೊಡುತ್ತಾರೆ. ಹತ್ತಿ ಬಂದ ಬಾಯಾರಿಕೆಗೆ ಅದಕ್ಕಿಂತ ಒಳ್ಳೆಯದು ನಾನು ಕುಡಿದಿಲ್ಲ. ಕುಡಿಯುವವರು ಕೆಳಗೆ ಇಳಿದ ಮೇಲೆ ಕುಡಿಯಿರಿ. ಎಸ್2 ತಿರುವಿಗೆ ಅರ್ಧ ಲೀಟರ್ ಶೋರ್ಲೆ ಆಗಿಬರುವುದಿಲ್ಲ.

ಸಸ್ಯಾಹಾರಿಗಳು ಏನು ತಿನ್ನಬೇಕು? ಹಲಗೆ ತುಂಬ ಮಾಂಸವೇ. ಹಂದಿಯ ಹೊಟ್ಟೆಯಲ್ಲಿ ಆಲೂಗಡ್ಡೆ, ಮಾಂಸ ತುಂಬಿ ಬೇಯಿಸಿದ್ದು ಆ ಸೀಮೆಯ ಪ್ರಸಿದ್ಧ ತಿಂಡಿ. ನಮಗೆ ಎರಡು ದಾರಿ. ಒಂದು, ಬಿಳಿ ಚೀಸ್ ಅನ್ನುತ್ತಾರೆ: ಗಟ್ಟಿ ಮೊಸರಿನಂಥ ಮೆತ್ತನೆ ಚೀಸಿಗೆ ಈರುಳ್ಳಿ ಹಚ್ಚಿ ಹಾಕಿ, ಜೊತೆಗೆ ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆ. ಚೀಲದಲ್ಲಿ ಒಂದು ಸಣ್ಣ ಡಬ್ಬಿ ಮಿಡಿ ಉಪ್ಪಿನಕಾಯಿ ಇಟ್ಟುಕೊಂಡಿರಿ, ಊಟ ಪೂರ್ತಿಯಾಗುತ್ತದೆ. ಇನ್ನೊಂದು ಡಾಂಪ್ಫ್‌ನೂಡೆಲ್. ಮೈದಾಹಿಟ್ಟು ಉಬ್ಬಿಸಿ ಮುಚ್ಚಳ ಹಾಕಿ ಬೇಯಿಸಿದ ದೊಡ್ಡ ಉಂಡೆ. ಮೇಲೆ ಇಡ್ಲಿಯ ಹಾಗೆ ಮೆತ್ತಗೆ, ಅಡಿಯಲ್ಲಿ ಉಪ್ಪು ಎಣ್ಣೆಯಲ್ಲಿ ಕಂದು ಬಣ್ಣಕ್ಕೆ ಗರಿಗರಿ. ವೆನಿಲಾ ಸಾಸ್ ಜೊತೆಗೂ ಕೊಡುತ್ತಾರೆ, ಆಲೂಗಡ್ಡೆ ಸೂಪ್ ಜೊತೆಗೂ ಕೊಡುತ್ತಾರೆ. ಆ ಅಡಿಯ ಗರಿ ಬರಿಸುವುದು ಸುಲಭವಲ್ಲ. ನೀರು ಆರುವುದಕ್ಕೂ ಹಿಟ್ಟು ಬೇಯುವುದಕ್ಕೂ ಸರಿಯಾಗಬೇಕು, ಮುಚ್ಚಳ ಮಧ್ಯೆ ತೆಗೆದರೆ ಕೆಟ್ಟಿತು. ನಮ್ಮ ಹೋಟೆಲಿನ ಭಟ್ಟರು ಫೋಟೊ ನೋಡಿ "ಇದರಲ್ಲೇನಿದೆ" ಅಂದರು. ಮಾಡಿ ತೋರಿಸಲಿ, ಆಮೇಲೆ ನೋಡುವ.

ಸೂಪಿನಲ್ಲೂ ಈರುಳ್ಳಿ ಹಾಕಿದ ಕೇಕಿನಲ್ಲೂ ಹಂದಿಮಾಂಸದ ಚೂರು ಇರುವುದುಂಟು. ಕಿಟಕಿಯಲ್ಲಿ ಕೇಳಿಯೇ ತೆಗೆದುಕೊಳ್ಳಿ. ಮತ್ತೆ, ಕಾಸು ಕೈಯಲ್ಲಿರಲಿ. ಕಾಡಿನ ಮಧ್ಯೆ ಕಾರ್ಡ್ ಎಲ್ಲ ಕಡೆ ನಡೆಯುವುದಿಲ್ಲ. ಎಷ್ಟೋ ಮನೆಗಳು ಬುಧವಾರ, ಶನಿವಾರ, ಭಾನುವಾರ ಮಾತ್ರ ತೆರೆದಿರುತ್ತವೆ. ನನ್ನ ಲೆಕ್ಕದಲ್ಲಿ ಬುಧವಾರ ಎಲ್ಲಕ್ಕಿಂತ ಒಳ್ಳೆಯ ದಿನ. ಅಡುಗೆ ಇರುತ್ತದೆ, ಜನ ಇರುವುದಿಲ್ಲ.

ಯಾವ ತಿಂಗಳು? ಮೇ, ಜೂನ್ ಚೆಂದ, ಹಗಲು ಉದ್ದ. ಸೆಪ್ಟೆಂಬರ್, ಅಕ್ಟೋಬರ್ ಇನ್ನೂ ಚೆಂದ, ಕೊಯ್ಲಿನ ಹೊತ್ತು. ನವೆಂಬರ್ ಬಂದರೆ ಸಂಜೆ ಐದಕ್ಕೇ ಕತ್ತಲು. ಶರತ್ಕಾಲದಲ್ಲಿ ಕಾಡುಹಂದಿ, ಜಿಂಕೆಗಳ ಬೇಟೆ ನಡೆಯುತ್ತದೆ, ಆ ದಿನ ಹಾದಿಗೆ ಅಡ್ಡ ಫಲಕ ಇಟ್ಟಿರುತ್ತಾರೆ. ಅದನ್ನು ದಾಟಿ ಹೋಗುವ ಸಾಹಸ ಬೇಡ, ಅವರ ಕೈಯಲ್ಲಿರುವುದು ನಿಜವಾದ ಬಂದೂಕು. ಬೇಸಿಗೆಯಲ್ಲಿ ಉಣುಗು ಕಚ್ಚುತ್ತದೆ. ಘಟ್ಟದ ಬುಡದವರಿಗೆ ಮಂಗನ ಕಾಯಿಲೆಯಿಂದಾಗಿ ಉಣುಗು ಅಂದರೆ ಏನೆಂದು ಗೊತ್ತು. ಅಲ್ಲಿ ಬರುವ ಕಾಯಿಲೆ ಬೇರೆ, ಎಚ್ಚರ ಒಂದೇ: ಮನೆಗೆ ಬಂದು ಸ್ನಾನ ಮಾಡುವಾಗ ಮೊಣಕಾಲಿನ ಹಿಂದೆ, ಸೊಂಟ, ಕಂಕುಳು ನೋಡಿಕೊಳ್ಳಿ. ಎಳೆ ಮಗು ಇರುವ ಮನೆಗೆ ವಾಪಸ್ ಹೋಗುವವರು ಬಟ್ಟೆಯನ್ನೂ ಹೊರಗೇ ಕೊಡವಿ.

ಸೈಕಲನ್ನು ಇಲ್ಲಿಂದಲೇ ವಿಮಾನದಲ್ಲಿ ಕೊಂಡುಹೋಗಬೇಕಾ ಅಂತ ಗುಂಪಿನಲ್ಲಿ ಒಬ್ಬರು ಕೇಳಿದರು. ಬೇಡ ಮಾರಾಯ್ರೆ. ಮಂಗಳೂರಿನಿಂದ ಹೇಗೆ ಹೋದರೂ ನಡುವೆ ವಿಮಾನ ಬದಲಾಯಿಸಬೇಕು, ಪೆಟ್ಟಿಗೆ ಯಾವ ಗತಿಯಲ್ಲಿ ಇಳಿಯುತ್ತದೋ ಹೇಳುವಂತಿಲ್ಲ. ಬಾಣಂತಿಯ ಲೇಹ್ಯ, ಕಷಾಯದ ಪುಡಿ, ಓಲೆಬೆಲ್ಲ, ಕುಚ್ಚಲಕ್ಕಿ ಹಾಕಿದ ಮೇಲೆ ತೂಕವೂ ಉಳಿಯುವುದಿಲ್ಲ. ಹೆಲ್ಮೆಟ್, ಗ್ಲೋವ್ಸ್, ಶೂ, ನಿಮ್ಮ ಕಾಲಿಗೆ ಒಗ್ಗಿದ ಪೆಡಲು, ಇಷ್ಟು ಇಟ್ಟುಕೊಳ್ಳಿ. ಪೆಡಲಿನ ತಿರುಪು ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ, ಅಂಗಡಿಯವರೇ ಎರಡು ನಿಮಿಷದಲ್ಲಿ ಹಾಕಿಕೊಡುತ್ತಾರೆ. ವಾಪಸ್ ಕೊಡುವಾಗ ಬಿಚ್ಚಿ ತರಲು ಮರೆಯಬೇಡಿ.